ಪೆನಾಂಗಿನಲ್ಲಿ ನಾವು ಕರಿ ಮೀ ತಿಂದದ್ದು

(ಸಾನಪಾಡಾದಲ್ಲಿ ನಡೆದ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ. ಸಂಚಿಕೆಯ ಸಂಪಾದಕ ಮಂಡಳಿಯವರ ಅಪೇಕ್ಷೆಯಂತೆ ಬರೆದುಕೊಟ್ಟದ್ದು.)



ಈ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಪಂಪನಿಂದ ಆರಂಭಿಸಿ ಕುವೆಂಪು, ಬೇಂದ್ರೆಯವರ ವರೆಗೆ ಬರುತ್ತಾರೆ. ಹೋದ ತಿಂಗಳು ಮಾತನಾಡಿದವರು ಶಾಸನಗಳ ವಿಷಯವನ್ನು ಎಷ್ಟು ಸೊಗಸಾಗಿ ಹೇಳಿದರೆಂಬುದನ್ನು ತಾವೆಲ್ಲ ಬಲ್ಲಿರಿ. ಅಂಥ ಪಾಂಡಿತ್ಯ ನಮ್ಮಲ್ಲಿಲ್ಲ. ಅಧ್ಯಕ್ಷರು ಫೋನಿನಲ್ಲಿ, “ಏನಾದರೂ ಮಾತಾಡಿ, ಪ್ರವಾಸದ ವಿಷಯವಾದರೂ ಆದೀತು” ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟರು. ಆ ಧಾರಾಳತನವನ್ನು ಸ್ವಲ್ಪ ದುರುಪಯೋಗ ಮಾಡಿಕೊಂಡು, ಬೀದಿ ಬದಿಯಲ್ಲಿ ಕುಳಿತು ತಿಂದ ಒಂದು ಬಟ್ಟಲು ಖಾರದ ನೂಡಲ್ಸಿನ ವಿಷಯ ಹೇಳಲು ನಿಂತಿದ್ದೇವೆ. ಇದರಲ್ಲಿ ನಮ್ಮ ಸಂಘದ ಒಂದು ತೀರ್ಮಾನದ ಮಾತೂ ಕೊನೆಗೆ ಬರುತ್ತದೆ. ಆ ತೀರ್ಮಾನಕ್ಕೆ ಕೈಯೆತ್ತಿದವರಲ್ಲಿ ನಾವೂ ಇದ್ದೆವು ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ತಮ್ಮನ ಮಗ ಮಲೇಷಿಯಾದ ಪೆನಾಂಗ್ ದ್ವೀಪದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಬಯಾನ್ ಲೆಪಾಸ್ ಎಂಬಲ್ಲಿ ೧೯೭೨ರಿಂದ ವಿದ್ಯುನ್ಮಾನ ಕಾರ್ಖಾನೆಗಳು ಬೆಳೆದಿವೆ. ಅಂಥದೊಂದರಲ್ಲಿ ಈತ ಎಂಜಿನಿಯರು. “ದೊಡ್ಡಪ್ಪ, ಬನ್ನಿ” ಎಂದು ಮೂರು ವರ್ಷದಿಂದ ಕರೆಯುತ್ತಿದ್ದ. ೨೦೨೩ರ ಡಿಸೆಂಬರಿನಿಂದ ಭಾರತೀಯರು ಕೆಲವು ದಿನಗಳ ಪ್ರವಾಸಕ್ಕೆ ವೀಸಾ ಇಲ್ಲದೆಯೇ ಬರಬಹುದೆಂದು ಆ ದೇಶದವರು ಸಾರಿದ ಮೇಲೆ ನಮ್ಮ ನೆವಗಳೆಲ್ಲ ಮುಗಿದವು. ೨೦೨೪ರ ಮಾರ್ಚ್ ಮೊದಲ ವಾರದಲ್ಲಿ ಹೊರಟೆವು.

ಹೋದ ದಿನವೇ ತಿನ್ನಬೇಕಾಗಿದ್ದದ್ದು ಮರುದಿನಕ್ಕೆ ಬಿತ್ತು. ಕಾರಣ ಅಂದು ಸೋಮವಾರ. ಅದೂ ಶಿವರಾತ್ರಿಯ ವಾರದ ಸೋಮವಾರ. ನಾವು ಕರಾವಳಿಯವರು, ಮೀನು ಮಾಂಸ ತಿನ್ನುವವರು. ಸೋಮವಾರ ಮಾತ್ರ ಮುಟ್ಟುವುದಿಲ್ಲ. ಸಮುದ್ರ ದಾಟಿದ ಮಾತ್ರಕ್ಕೆ ಸೋಮವಾರ ಮಂಗಳವಾರವಾಗುತ್ತದೆಯೇ ಎಂದು ನಮ್ಮ ಮನೆಯವರು ಕೇಳಿದರು. ಉತ್ತರವಿರಲಿಲ್ಲ. ಅಂದು ಜಾರ್ಜ್‌ಟೌನ್ ಪೇಟೆಯ ಕ್ವೀನ್ ಸ್ಟ್ರೀಟಿನಲ್ಲಿರುವ ಮಾರಿಯಮ್ಮನ ಗುಡಿಗೆ ಹೋಗಿ, ಪಕ್ಕದ ಓಣಿಯಲ್ಲಿ ಬಾಳೆಯೆಲೆಯ ಊಟ ಮಾಡಿ ಮಲಗಿದೆವು. ಬಡಿಸಿದವನು ನಮ್ಮೊಡನೆ ತಮಿಳಿನಲ್ಲಿ ಮಾತನಾಡಿದ. ನಾವು ಕನ್ನಡದವರೆಂದಾಗ, ಸರಿ ಸರಿ ಎಂದು ಮತ್ತೆ ತಮಿಳಿನಲ್ಲೇ ಮುಂದುವರಿಸಿದ. ಮುಂಬಯಿಯಲ್ಲಿ ನಮ್ಮ ಹಿರಿಯರನ್ನೆಲ್ಲ ಒಂದೇ ಹೆಸರಿನಿಂದ ‘ಮದ್ರಾಸಿ’ ಎಂದು ಕರೆಯುತ್ತಿದ್ದ ಕಾಲ ನೆನಪಾಯಿತು.

ಮಂಗಳವಾರ ಬೆಳಿಗ್ಗೆ ಹುಡುಗ ನಮ್ಮನ್ನು ಒಂದು ಹಳೆಯ ಕಾಫಿ ಅಂಗಡಿಗೆ ಕರೆದುಕೊಂಡು ಹೋದ. ಇಂಥ ಅಂಗಡಿಗೆ ಅಲ್ಲಿ ‘ಕೊಪಿತಿಯಾಂ’ ಎನ್ನುತ್ತಾರೆ. ‘ಕೊಪಿ’ ಎಂದರೆ ಮಲಯ ಭಾಷೆಯ ಕಾಫಿ, ‘ತಿಯಾಂ’ ಎಂದರೆ ಹೊಕ್ಕಿಯೆನ್ ಎಂಬ ಚೀನೀ ನುಡಿಯಲ್ಲಿ ಅಂಗಡಿ. ಹೆಸರೇ ಎರಡು ಭಾಷೆಗಳ ಬೀಗತನ. ಅಂಗಡಿಯ ಏರ್ಪಾಡು ನಮ್ಮ ಉಡುಪಿ ಹೋಟೆಲಿನಂತಲ್ಲ. ನಮ್ಮಲ್ಲಿ ಯಜಮಾನರು ಒಬ್ಬರು, ಅಡಿಗೆಮನೆ ಒಂದು, ಅದರಿಂದ ನೂರು ತಿಂಡಿ. ಅಲ್ಲಿ ಅಂಗಡಿಯ ಯಜಮಾನ ಮಾರುವುದು ಕಾಫಿ, ಚಹಾ, ಪಾನೀಯ ಮಾತ್ರ. ಉಳಿದ ಜಾಗವನ್ನು ತಳ್ಳುಗಾಡಿಯವರಿಗೆ ಬಾಡಿಗೆಗೆ ಕೊಟ್ಟಿರುತ್ತಾನೆ. ಒಬ್ಬೊಬ್ಬ ಗಾಡಿಯವನದು ಒಂದೊಂದೇ ತಿನಿಸು. ಗಿರಾಕಿ ಗಾಡಿಯವನಿಗೆ ತಾನು ಕುಳಿತ ಮೇಜನ್ನು ಕೈಬೆರಳಿನಿಂದ ತೋರಿಸಿ ಬಂದರಾಯಿತು, ತಿನಿಸು ಬರುತ್ತದೆ, ತಂದವನ ಕೈಗೇ ಹಣ. ಒಂದು ಮೇಜಿನ ಮೇಲೆ ನಾಲ್ಕು ಗಾಡಿಗಳ ತಿನಿಸಿರಬಹುದು, ಜಗಳವಿಲ್ಲ. ಆದರೆ ಕಾಫಿಯನ್ನು ಯಜಮಾನನಿಂದಲೇ ಕೊಳ್ಳಬೇಕು, ಅದು ಮರ್ಯಾದೆ.

ಆ ಕಾಫಿಯ ವಿಷಯ ಹೆಚ್ಚು ಹೇಳುವುದಿಲ್ಲ. ಬೀಜವನ್ನು ಸಕ್ಕರೆಯೊಡನೆ ಕಪ್ಪಾಗುವಂತೆ ಹುರಿದು, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಚಿಕ್ಕಮಗಳೂರಿನ ಕಾಫಿಗೆ ಒಗ್ಗಿದ ನಾಲಿಗೆ ಅದನ್ನು ಔಷಧಿಯೆಂದು ತಿಳಿದು ನುಂಗಿತು.

ಕರಿ ಮೀ ಗಾಡಿಯವನು ಎಪ್ಪತ್ತರ ಆಸುಪಾಸಿನ ಮುದುಕ. ಮೈಮೇಲೆ ಬಿಳಿಯ ಬನಿಯನ್ನು, ಹೆಗಲ ಮೇಲೆ ಒಂದು ಬಟ್ಟೆ. ಇಷ್ಟಕ್ಕೇ ನಮಗೆ ಆತ ಪರಿಚಿತನಂತೆ ಕಂಡ. ಮಾಟುಂಗದ ಯಾವ ಅಡಿಗೆ ಭಟ್ಟರ ಪಕ್ಕದಲ್ಲಿ ನಿಲ್ಲಿಸಿದರೂ ಸಲ್ಲುವಂಥ ವೇಷ. ಅವನ ಮುಂದೆ ಎರಡು ಹಂಡೆ: ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ತೆಂಗಿನ ಹಾಲಿನ ಸಾರು. ತಂತಿಯ ಜಾಳಿಗೆಯಲ್ಲಿ ಎರಡು ಬಗೆಯ ಎಳೆಗಳನ್ನು ಹಾಕಿ ನೀರಿನಲ್ಲಿ ಅದ್ದುತ್ತಾನೆ. ಹಳದಿಯದು ಗೋಧಿಯ ಎಳೆ. ಹಿಟ್ಟಿಗೆ ಕ್ಷಾರದ ನೀರು ಸೇರಿಸುವುದರಿಂದ ಆ ಬಣ್ಣ, ಆ ಬಿಗುವು. ಬಿಳಿಯದು ಅಕ್ಕಿಯ ಶ್ಯಾವಿಗೆ, ‘ಬೀ ಹೂನ್’ ಎಂದು ಹೆಸರು. ಎರಡನ್ನೂ ಬಟ್ಟಲಿಗೆ ಸುರಿದು, ಮೇಲೆ ಬಿಸಿ ಸಾರು ಹೊಯ್ದು, ತಕ್ಷಣ ಅದನ್ನು ಹಂಡೆಗೆ ಹಿಂದಕ್ಕೆ ಬಸಿದು, ಮತ್ತೆ ಹೊಯ್ಯುತ್ತಾನೆ. ಹೀಗೆ ಎರಡು ಮೂರು ಸಲ. ಏಕೆಂದು ಕೇಳಿದೆವು. ಬಟ್ಟಲೂ ಎಳೆಯೂ ಬಿಸಿಯಾಗದೆ ಸಾರು ಬಿಸಿಯಾಗಿ ಉಳಿಯುವುದಿಲ್ಲವಂತೆ. ನಮ್ಮ ತಾಯಿಯವರು ಕೋರಿ ರೊಟ್ಟಿಗೆ ಸಾರು ಹೊಯ್ಯುವ ಮೊದಲು ಕಂಚಿನ ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದಿಡುತ್ತಿದ್ದದ್ದು ಇದಕ್ಕೇ ಎಂದು ನಮಗೆ ಈ ವಯಸ್ಸಿನಲ್ಲಿ, ಪರದೇಶದಲ್ಲಿ, ತಿಳಿಯಿತು.

ಮೇಲೆ ಸಿಗಡಿ, ಬೊಂಡಾಸು, ಕರಿದ ಸೋಯಾ ಗಿಣ್ಣಿನ ತುಂಡುಗಳು, ಪುದೀನದ ಎರಡು ಎಲೆ. ಹಂದಿಯ ರಕ್ತವನ್ನು ಹೆಪ್ಪುಗಟ್ಟಿಸಿ ಮಾಡಿದ ಚೌಕಗಳನ್ನೂ ವಾಡಿಕೆಯಂತೆ ಹಾಕುತ್ತಾರೆ, ಅದನ್ನು ಬೇಡವೆಂದೆವು. ಮುದುಕ ಬೇಸರಿಸಲಿಲ್ಲ, ಎರಡು ಸಿಗಡಿ ಹೆಚ್ಚಿಗೆ ಹಾಕಿದ. ಸಾರು ನೋಡಲು ಬೆಳ್ಳಗೆ, ಸಾಧುವಿನಂತೆ ಇತ್ತು. ಇದರಲ್ಲಿ ಖಾರವೆಲ್ಲಿ ಎಂದು ನಮ್ಮ ಮನೆಯವರು ಕೇಳುವಷ್ಟರಲ್ಲಿ ಒಂದು ಚಮಚೆ ಕೆಂಪು ಅರಪ್ಪು ಬದಿಯಲ್ಲಿ ಬಂದು ಕುಳಿತಿತು. ಒಣ ಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮಜ್ಜಿಗೆ ಹುಲ್ಲು, ಜೊತೆಗೆ ‘ಬೆಲಾಚಾನ್’ ಎಂಬ, ಹುದುಗಿಸಿ ಒಣಗಿಸಿದ ಸಿಗಡಿಯ ಉಂಡೆ. ಎಲ್ಲವನ್ನೂ ಅರೆದು ಎಣ್ಣೆಯಲ್ಲಿ ಬಾಡಿಸಿದ್ದು. ಅದನ್ನು ಕದಡಿದೊಡನೆ ಬಿಳಿಯ ಸಾರು ಸಂಜೆಯ ಆಕಾಶದಂತಾಯಿತು.

ಮೊದಲನೆಯ ತುತ್ತಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಕಿವಿಯ ಹಿಂದೆ ಬೆವರು. ಮೂರನೆಯದಕ್ಕೆ ಕನ್ನಡಕ ತೆಗೆದಿಟ್ಟೆವು. ಕಡ್ಡಿಗಳಲ್ಲಿ ಹಿಡಿದ ಎಳೆ ಬಟ್ಟಲಿಗೂ ಬಾಯಿಗೂ ನಡುವೆ ಮೂರು ಸಲ ಜಾರಿ ಅಂಗಿಯ ಮೇಲೆ ಹಳದಿಯ ನಕಾಶೆ ಬರೆಯಿತು. ಕೊನೆಗೆ ಕಡ್ಡಿ ಬಿಟ್ಟು ಚಮಚೆ ಹಿಡಿದೆವು. ಆದರೆ ಬಟ್ಟಲನ್ನು ಕೆಳಗಿಡಲಾಗಲಿಲ್ಲ. ಖಾರ ಉರಿಯುವಷ್ಟರಲ್ಲಿ ತೆಂಗಿನ ಹಾಲು ಬಂದು ಆರಿಸುತ್ತದೆ. ಆರಿತೆನ್ನುವಷ್ಟರಲ್ಲಿ ಮತ್ತೆ ಖಾರ. ನಮ್ಮ ಮನೆಯವರು ಅರ್ಧ ಬಟ್ಟಲು ಮೌನವಾಗಿ ತಿಂದು, ತಲೆಯೆತ್ತಿ ಒಂದೇ ಮಾತು ಹೇಳಿದರು: “ಇದು ಸೇಮಿಗೆ ಮತ್ತು ಯೆಟ್ಟಿ ಗಸಿಯಲ್ಲವಾ?”

ಘಟ್ಟದ ಮೇಲಿನ ಮಿತ್ರರಿಗಾಗಿ ಹೇಳಬೇಕು: ಯೆಟ್ಟಿ ಎಂದರೆ ತುಳುವಿನಲ್ಲಿ ಸಿಗಡಿ. ಸೇಮಿಗೆ ಎಂದರೆ ಅಕ್ಕಿ ನೆನೆಸಿ, ರುಬ್ಬಿ, ಉಂಡೆ ಮಾಡಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಮಣೆಗೆ ಹಾಕಿ ಒತ್ತುವ ಶ್ಯಾವಿಗೆ. ಒಬ್ಬರು ಉಂಡೆ ಹಾಕಬೇಕು, ಒಬ್ಬರು ಬಲಹಾಕಿ ಒತ್ತಬೇಕು, ಒಬ್ಬರು ಕೆಳಗೆ ಬಾಳೆಯೆಲೆ ಹಿಡಿದು ತಿರುಗಿಸಬೇಕು. ಮನೆಯಲ್ಲಿ ಮೂವರಿಲ್ಲದೆ ಆಗದ ತಿಂಡಿ. ಅದಕ್ಕೆ ಕಾಯಿಹಾಲು, ಬೆಲ್ಲ. ಇಲ್ಲವೇ ಮೆಣಸಿನಕಾಯಿ, ಕೊತ್ತಂಬರಿ, ತೆಂಗಿನಕಾಯಿ ಅರೆದು ಮಾಡಿದ ಕೋಳಿಯ ಅಥವಾ ಸಿಗಡಿಯ ಗಸಿ. ಕೊಡಗಿನವರಿಗೆ ಇದೇ ನೂಪುಟ್ಟು. ಮಜ್ಜಿಗೆ ಹುಲ್ಲನ್ನೂ ಆ ಸಿಗಡಿಯ ಉಂಡೆಯ ವಾಸನೆಯನ್ನೂ ಬಿಟ್ಟರೆ ನಮ್ಮ ಮನೆಯವರ ಮಾತು ಸುಳ್ಳಲ್ಲ. ಅಕ್ಕಿಯ ಎಳೆ, ತೆಂಗಿನ ಹಾಲು, ಸಿಗಡಿ, ಕೆಂಪು ಮೆಣಸಿನಕಾಯಿ: ಕಡಲು ಇರುವಲ್ಲಿ ಮನುಷ್ಯನಿಗೆ ಬೇರೆ ಏನು ತಾನೇ ಹೊಳೆದೀತು?

ಆದರೆ ಆ ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ನಮ್ಮಲ್ಲಿ ಮೊದಲಿನಿಂದ ಇದ್ದದ್ದು ಮೆಣಸು, ಎಂದರೆ ಕಾಳುಮೆಣಸು. ಅಮೆರಿಕ ಖಂಡದ ಈ ಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಬಂದಾಗ, ಮೆಣಸಿನಂತೆ ಖಾರವಾದ ಕಾಯಿ ಎಂದು ಮೆಣಸಿನಕಾಯಿ ಎಂದರು. ಅಫೊನ್ಸೊ ಡಿ ಆಲ್ಬುಕರ್ಕ್ ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ, ಮಲಯದ ಮಲಾಕಾವನ್ನು ಹಿಡಿದದ್ದು ಮರುವರ್ಷ, ೧೫೧೧ರಲ್ಲಿ. ನಮ್ಮ ಕಡಲಿಗೂ ಆ ಕಡಲಿಗೂ ಓಡಾಡಿದ್ದು ಒಬ್ಬರದೇ ಹಡಗುಗಳು. ಇಂದು ಬ್ಯಾಡಗಿ ಮೆಣಸಿನಕಾಯಿಯಿಲ್ಲದೆ ಕನ್ನಡಿಗರ ಅಡಿಗೆಯಿಲ್ಲ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಹಾವೇರಿ ಜಿಲ್ಲೆಯ ಹೊಲದಲ್ಲಿ ನಿಂತು, ಇದು ಹೊರಗಿನಿಂದ ಬಂದದ್ದು ಎಂದರೆ ರೈತ ನಮ್ಮನ್ನು ಮೇಲಿಂದ ಕೆಳಗೆ ನೋಡಿಯಾನು.

ಕರಿ ಮೀಯ ಹೆಸರೂ ಹಾಗೆಯೇ. ‘ಕರಿ’ ತಮಿಳಿನಿಂದ ಬಂದ ಮಾತು. ‘ಮೀ’ ಹೊಕ್ಕಿಯೆನ್ ಚೀನೀಯರ ಮಾತು, ನೂಡಲ್ಸ್ ಎಂದರ್ಥ. ಇಂಗ್ಲಿಷರು ೧೭೮೬ರಲ್ಲಿ ಪೆನಾಂಗಿನಲ್ಲಿ ಬಂದರು ಕಟ್ಟಿದ ಮೇಲೆ ದಕ್ಷಿಣ ಚೀನದಿಂದ ಕೂಲಿಗಳೂ ವ್ಯಾಪಾರಿಗಳೂ ಬಂದರು, ತಮಿಳುನಾಡಿನ ಕರಾವಳಿಯಿಂದ ಮುಸಲ್ಮಾನ ವರ್ತಕರೂ ಕೆಲಸಗಾರರೂ ಬಂದರು. ಚೀನದವನ ಎಳೆ, ತಮಿಳನ ಮಸಾಲೆ, ಮಲಯದವನ ತೆಂಗಿನಹಾಲು ಮತ್ತು ಬೆಲಾಚಾನ್ ಒಂದೇ ಬಟ್ಟಲಿಗೆ ಬಿದ್ದವು. ಯಾವ ಮಹಾನುಭಾವ ಮೊದಲು ಕಲಸಿದನೆಂದು ಹೇಳುವಂತಿಲ್ಲ, ಹಸಿದವನಾಗಿದ್ದಿರಬೇಕು. ಜಾರ್ಜ್‌ಟೌನ್ ಪೇಟೆಯನ್ನು ೨೦೦೮ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿ, ಮಸೀದಿ, ಚೀನೀ ಮಠಗಳು ಒಂದೇ ಬೀದಿಯ ಆಸುಪಾಸಿನಲ್ಲಿರುವುದನ್ನು ಹೋದವರೆಲ್ಲ ಹೊಗಳುತ್ತಾರೆ. ನಮಗಂತೂ ಆ ಬಟ್ಟಲೇ ಹೆಚ್ಚು ಸ್ಪಷ್ಟವಾಗಿ ಹೇಳಿತು.

ಇಲ್ಲಿಯ ವರೆಗೆ ಸುಖದ ಕಥೆ. ಇನ್ನು ಸ್ವಲ್ಪ ತೊಡಕಿನದು.

ಹುಡುಗನೊಡನೆ ಅವನ ಕಾರ್ಖಾನೆಯ ಸಹೋದ್ಯೋಗಿಯೊಬ್ಬಳು ಬಂದಿದ್ದಳು, ಅದೇ ಊರಿನ ಚೀನೀ ಹುಡುಗಿ. ಗಿರಾಕಿಗಳು ಕಡಮೆಯಾದ ಮೇಲೆ ಮುದುಕ ನಮ್ಮ ಮೇಜಿಗೆ ಬಂದು ಕುಳಿತ. ಅವಳು ಅವನ ಮಾತನ್ನು ನಮಗೆ ತಿಳಿಸಿದಳು. ಗಾಡಿ ಅವನ ತಂದೆಯದು. ಬೆಳಗಿನ ಜಾವ ಮೂರಕ್ಕೆ ಎದ್ದು ಕಾಯಿಹಾಲು ಹಿಂಡಬೇಕು. ಮಕ್ಕಳಿಬ್ಬರು: ಒಬ್ಬ ಲೆಕ್ಕಪರಿಶೋಧಕ, ಒಬ್ಬಳು ಸಿಂಗಪುರದಲ್ಲಿ. ಇಬ್ಬರಿಗೂ ಗಾಡಿ ಬೇಡ. ಭುಜದ ನೋವಿನಿಂದ ವಾರಕ್ಕೆ ಎರಡು ದಿನ ಮುಚ್ಚುತ್ತಾನೆ. ಬಟ್ಟಲೊಂದಕ್ಕೆ ಏಳು ರಿಂಗಿಟ್ಟು, ನಮ್ಮ ಲೆಕ್ಕದಲ್ಲಿ ನೂರ ಇಪ್ಪತ್ತು ರೂಪಾಯಿ. ಹೆಚ್ಚಿಸಿದರೆ ಹಳೆಯ ಗಿರಾಕಿಗಳು ಗೊಣಗುತ್ತಾರೆ. ಇನ್ನೆಷ್ಟು ವರ್ಷ ಎಂದರೆ, ಬೆರಳು ಮಡಚಿ ಎಣಿಸುವವನಂತೆ ಮಾಡಿ, ಎರಡರಲ್ಲಿ ನಿಲ್ಲಿಸಿದ.

ಅಂಗಡಿಯ ಹಿಂಬದಿಯಲ್ಲಿ ನಲ್ಲಿಯ ಹತ್ತಿರ ಒಬ್ಬ ಯುವಕ ಬಟ್ಟಲು ತೊಳೆಯುತ್ತಿದ್ದ. ಕೈ ತೊಳೆಯಲು ಹೋದಾಗ ಮುಖ ನೋಡಿ ಹಿಂದಿಯಲ್ಲಿ ಮಾತನಾಡಿಸಿದೆವು. ಊಹೆ ಸರಿಯಾಯಿತು, ನೇಪಾಳದವನು. ಹಿಂದಿ ಕೇಳಿದೊಡನೆ ಅವನ ಮುಖ ಅರಳಿತು. ಆರು ವರ್ಷದಿಂದ ಅಲ್ಲೇ ಇದ್ದಾನೆ. ಮುದುಕನಿಗೆ ಈರುಳ್ಳಿ ಸುಲಿದು ಕೊಡುವವನು, ಹಂಡೆ ಹೊರುವವನು ಅವನೇ. “ನಿನಗೆ ಮಾಡಲು ಬರುತ್ತದೆಯೇ?” ಎಂದೆವು. “ಎಲ್ಲಾ ಬರುತ್ತದೆ ಅಂಕಲ್. ರಜೆಯ ದಿನ ಕೋಣೆಯಲ್ಲಿ ಗೆಳೆಯರಿಗೆ ಮಾಡಿ ಹಾಕುತ್ತೇನೆ. ಇಲ್ಲಿ ಸೌಟು ಹಿಡಿಯುವಂತಿಲ್ಲ” ಎಂದ.

ಏಕೆಂದು ಆಮೇಲೆ ತಿಳಿಯಿತು. ಪೆನಾಂಗ್ ರಾಜ್ಯದಲ್ಲಿ ೨೦೧೬ರ ಜನವರಿಯಿಂದ ಒಂದು ನಿಯಮ ಜಾರಿಗೆ ಬಂದಿತು. ಆ ಊರಿನ ಹೆಸರಾಂತ ಬೀದಿ ತಿನಿಸುಗಳ ಗಾಡಿಗಳಲ್ಲಿ ಪರದೇಶದವರು ಮುಖ್ಯ ಅಡಿಗೆಯವರಾಗಿ ನಿಲ್ಲಕೂಡದು. ತೊಳೆಯಬಹುದು, ಬಡಿಸಬಹುದು, ಸಹಾಯ ಮಾಡಬಹುದು. ರುಚಿ ಕೆಡಬಾರದು, ಪರಂಪರೆ ಉಳಿಯಬೇಕು ಎಂಬುದು ಉದ್ದೇಶ. ಮುದುಕ ಈ ನಿಯಮದ ಪಕ್ಷದವನೇ. “ಅವರಿಗೆ ನಾಲಿಗೆ ಬೇರೆ” ಎಂದ. ನೇಪಾಳದ ಹುಡುಗನ ಮೇಲೆ ಅವನಿಗೆ ದ್ವೇಷವಿಲ್ಲ, ಸಂಬಳ ಸರಿಯಾಗಿ ಕೊಡುತ್ತಾನೆ, ಊಟ ಹಾಕುತ್ತಾನೆ. ಸೌಟು ಮಾತ್ರ ಕೊಡಲಾರ.

ಮುದುಕನ ಭಯ ಪೊಳ್ಳೆಂದು ನಾವು ಹೇಳುವುದಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಸಾಂಬಾರು ಸಿಹಿಯಾದದ್ದನ್ನು ನಾವು ನಮ್ಮ ಕಣ್ಣೆದುರು, ನಾಲಿಗೆಯೆದುರು ಕಂಡಿದ್ದೇವೆ. ತೆಂಗಿನಕಾಯಿ ಕಾಣೆಯಾದದ್ದನ್ನೂ ಕಂಡಿದ್ದೇವೆ. ಇಲ್ಲಿ ಕುಳಿತ ತಾಯಂದಿರು ಅದನ್ನು ಬೈಯದ ದಿನವಿಲ್ಲ. ಕೈ ಬದಲಾದರೆ ರುಚಿ ಬದಲಾಗುತ್ತದೆ, ನಿಜ. ಆದರೆ ಆ ಮುದುಕನ ಅಜ್ಜನೂ ಹಡಗಿನಲ್ಲಿ ಬಂದವನೇ. ಅವನ ಕೈಗೆ ತಮಿಳನ ಮಸಾಲೆಯನ್ನು ಕೊಡಬಾರದೆಂದು ಅಂದು ಯಾರಾದರೂ ನಿಯಮ ಮಾಡಿದ್ದರೆ? ಈ ಪ್ರಶ್ನೆಯನ್ನು ಅಲ್ಲಿ ಬಾಯಿಬಿಟ್ಟು ಕೇಳಲಿಲ್ಲ; ಅತಿಥಿಗಳಾಗಿ ಹೋದವರು ಕೇಳುವ ಮಾತಲ್ಲ. ವಿಮಾನದಲ್ಲಿ ಮಾತ್ರ ಅದೇ ಯೋಚನೆ, ಮತ್ತು ಅದು ನಮ್ಮ ತಂದೆಯವರ ಕಡೆಗೆ ತಿರುಗಿತು.

ನಮ್ಮ ತಂದೆಯವರು ೧೯೫೩ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದರು. ವಯಸ್ಸು ಹದಿಮೂರು. ಮಾಟುಂಗ ಆಗ ದಕ್ಷಿಣದವರ ತವರಿನಂತಿತ್ತು. ರಾಮ ನಾಯಕರು ಸ್ಟೇಷನ್ನಿನ ಹತ್ತಿರ ೧೯೪೨ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆಗಲೇ ಹೆಸರಾಗಿತ್ತು. ತಂದೆಯವರು ಸೇರಿದ್ದು ಬೇರೊಂದು ಸಣ್ಣ ಹೋಟೆಲು. ಹಗಲು ಕಪ್ಪು ತೊಳೆಯುವುದು, ಸಂಜೆ ಕೋಟೆಯ ಕಡೆ ಕನ್ನಡ ರಾತ್ರಿಶಾಲೆ, ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಈ ಸಭೆಯಲ್ಲಿ ಇದು ಎಷ್ಟು ಜನರ ತಂದೆಯ ಕಥೆ, ಎಷ್ಟು ಜನರ ಸ್ವಂತ ಕಥೆ ಎಂಬುದು ನಮಗೆ ಗೊತ್ತುಂಟು. ನಾಲ್ಕು ವರ್ಷ ತೊಳೆದ ಮೇಲೆ ಅವರ ಕೈಗೆ ಸೌಟು ಬಂತು. ಮೊದಲು ಕಲಿಸಿಕೊಟ್ಟದ್ದು ಇಡ್ಲಿಯಲ್ಲ, ಬಟಾಟೆ ವಡೆ. ಕಲಿಸಿದವನು ರತ್ನಾಗಿರಿಯ ಕಡೆಯ ಒಬ್ಬ ಮರಾಠಿ ಅಡಿಗೆಯವ. ಆಮೇಲೆ ಮಿಸಳ್, ಸಾಬೂದಾಣೆ ಖಿಚಡಿ. ‘ಇವರಿಗೆ ನಾಲಿಗೆ ಬೇರೆ’ ಎಂದು ಆತ ಹೇಳಲಿಲ್ಲ. ಹೇಳಿದ್ದರೆ ತಂದೆಯವರು ಕಪ್ಪು ತೊಳೆಯುತ್ತಲೇ ಮುದುಕರಾಗುತ್ತಿದ್ದರು. ನಾವು ಈ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ. ಇಂದು ಮುಂಬಯಿಯಲ್ಲಿ ಪಾವ್ ಭಾಜಿಯ ತವೆಯ ಮುಂದೆ ನಿಂತ ಎಷ್ಟು ಕೈಗಳು ಕುಂದಾಪುರದವು, ಬೈಂದೂರಿನವು!

ಬೇರೆ ಮಾತು ಹೇಳಿದವರೂ ಇದ್ದರು. ೧೯೬೬ರಿಂದ ಕೆಲವು ವರ್ಷ ದಕ್ಷಿಣದವರು ಇಲ್ಲಿಯವರ ಅನ್ನ ಕಸಿಯುತ್ತಾರೆಂಬ ಕೂಗೆದ್ದು, ನಮ್ಮವರ ಹೋಟೆಲುಗಳ ಗಾಜು ಒಡೆದದ್ದು ಹಿರಿಯರಿಗೆ ನೆನಪಿರುತ್ತದೆ. ತಂದೆಯವರ ಹೋಟೆಲಿಗೂ ಒಂದು ಸಂಜೆ ಕಲ್ಲು ಬಿತ್ತು. ಎಸೆದವರಲ್ಲಿ ಒಬ್ಬನ ಗುರುತು ಹತ್ತಿತು. ದಿನಾ ಬೆಳಿಗ್ಗೆ ಬರುವ ಗಿರಾಕಿ. ಮೂರು ದಿನ ಬಿಟ್ಟು ಅವನು ಬಂದು ಎಂದಿನ ಮೂಲೆಯಲ್ಲಿ ಕುಳಿತ. ತಂದೆಯವರು ಎಂದಿನಂತೆ ಇಡ್ಲಿ, ಕಾಫಿ ಇಟ್ಟರು. ಯಾಕೆ ಕೊಟ್ಟಿರಿ ಎಂದು ನಾವು ಚಿಕ್ಕವರಿದ್ದಾಗ ಕೇಳಿದ್ದೆವು. “ದುಡ್ಡು ಕೊಟ್ಟನಲ್ಲ ಮಾರಾಯ” ಎಂದಿದ್ದರು. ಬೇರೇನೂ ಹೇಳಲಿಲ್ಲ.

ಈಗ ನಮ್ಮ ಊರಿಗೆ, ನಮ್ಮ ತೀರ್ಮಾನಕ್ಕೆ ಬರೋಣ.

೧೯೯೨ರಲ್ಲಿ ರೈಲು ಖಾಡಿ ದಾಟಿ ವಾಶಿಗೆ ಬಂದ ಮೇಲೆ ನಮ್ಮಲ್ಲಿ ಅನೇಕರು ದಾದರು, ಮಾಟುಂಗ, ಚೆಂಬೂರಿನ ಸಣ್ಣ ಖೋಲಿಗಳನ್ನು ಬಿಟ್ಟು ಈ ಕಡೆ ಮನೆ ಮಾಡಿದೆವು. ಸಾನಪಾಡಾ ಸ್ಟೇಷನ್ನಿನಿಂದ ನಮ್ಮ ಕಟ್ಟಡಕ್ಕೆ ನಡೆಯುವ ದಾರಿಯಲ್ಲಿ ಸಂಜೆ ಆರರ ಮೇಲೆ ಕೆಂಪು ಬಣ್ಣದ ಒಂದು ನೂಡಲ್ಸ್ ಗಾಡಿ ನಿಲ್ಲುತ್ತದೆ, ತಮಗೆಲ್ಲ ಗೊತ್ತು. ಗಾಡಿಯವನನ್ನು ಮಕ್ಕಳು ‘ಮಾಮಾ’ ಎನ್ನುತ್ತಾರೆ. ನಮ್ಮ ಮಗ ಟ್ಯೂಷನ್ ಮುಗಿಸಿ ಅಲ್ಲಿ ತಿಂದು ಬಂದು ಎಷ್ಟು ಸಲ ಬೈಸಿಕೊಂಡಿದ್ದಾನೋ ಲೆಕ್ಕವಿಲ್ಲ. ೨೦೨೩ರ ರಾಜ್ಯೋತ್ಸವಕ್ಕೆ ಮೊದಲು ಈ ಗಾಡಿಯವನು ಸಭಾಗೃಹದ ಅಂಗಳದಲ್ಲಿ ಗಾಡಿ ನಿಲ್ಲಿಸಬಹುದೇ ಎಂದು ನಮ್ಮ ಸಮಿತಿಯನ್ನು ಕೇಳಿದ. ಸಮಿತಿಯಲ್ಲಿ ನಗು ಎದ್ದಿತು. ಕನ್ನಡದ ಹಬ್ಬದಲ್ಲಿ ಚೀನದ ತಿಂಡಿಯೇ ಎಂದು ಯಾರೋ ಕೇಳಿದರು. ಯಾರೋ ಎಂದೇಕೆ ಹೇಳಬೇಕು, ಕೇಳಿದವರು ನಾವೇ. ಕೈಯೆತ್ತಿ ಬೇಡವೆಂದು ತೀರ್ಮಾನಿಸಿದೆವು. ಆ ಅಂಗಳದಲ್ಲಿ ಅಂದು ಮಾರಿದ ತಿಂಡಿಗಳಲ್ಲಿ ಪಾವ್ ಭಾಜಿ ಇತ್ತು, ವಡಾ ಪಾವ್ ಇತ್ತು. ಅವು ನಮಗೆ ಪರಕೀಯವೆನಿಸಲಿಲ್ಲ, ಮಾರಿದವರು ನಮ್ಮವರಾಗಿದ್ದರು.

ಪೆನಾಂಗಿನಿಂದ ಬಂದ ಎರಡನೆಯ ದಿನ ಸಂಜೆ ಆ ಗಾಡಿಗೆ ಹೋದೆವು, ಜೀವನದಲ್ಲಿ ಮೊದಲ ಸಲ. “ಶೆಜ್ವಾನ್ ನೂಡಲ್ಸ್, ಒಂದು ಪ್ಲೇಟು” ಎಂದು ಹಿಂದಿಯಲ್ಲಿ ಕೇಳಿದೆವು. ಅವನು ನಮ್ಮ ಮುಖ ನೋಡಿ, ಕನ್ನಡದಲ್ಲಿ, “ಖಾರ ಜಾಸ್ತಿಯಾ, ಕಮ್ಮಿಯಾ?” ಎಂದ.

ನಾವು ಬೆಪ್ಪಾದೆವು. ಕುಮಾವೂಂ ಬೆಟ್ಟದ ಕಡೆಯವನಂತೆ. ಚೆಂಬೂರಿನಲ್ಲಿ ನಮ್ಮವರೊಬ್ಬರ ಹೋಟೆಲಿನಲ್ಲಿ ಒಂಬತ್ತು ವರ್ಷ ಇದ್ದನಂತೆ. ಐದು ವರ್ಷ ತೊಳೆಯುವ ಕೆಲಸ, ನಾಲ್ಕು ವರ್ಷ ಚೈನೀಸ್ ವಿಭಾಗದ ಬಾಣಲೆ. ಕನ್ನಡವೂ ತುಳುವೂ ಅಲ್ಲಿ ಕಿವಿಗೆ ಬಿದ್ದದ್ದು. ಮೊದಲು ಕಲಿತ ಶಬ್ದಗಳು ಮ್ಯಾನೇಜರರು ಬೈಯುವಾಗ ಬಳಸುವವು. ಅವುಗಳನ್ನು ನಮಗೂ ಹೇಳಿ ತೋರಿಸಿದ, ಉಚ್ಚಾರ ಶುದ್ಧವಾಗಿತ್ತು, ಈ ವೇದಿಕೆಯಲ್ಲಿ ಹೇಳುವಂತಿಲ್ಲ. ಹತ್ತು ವರ್ಷ ನಾವು ಅವನ ಮುಂದೆ ಕನ್ನಡದಲ್ಲಿ, “ಈ ಕೊಳಕು ಗಾಡಿಯ ಹತ್ತಿರ ನಿಲ್ಲಬೇಡ” ಎಂದು ಮಗನಿಗೆ ಹೇಳುತ್ತ ನಡೆದಿದ್ದೇವೆ. ಅವನಿಗೆ ಎಲ್ಲವೂ ತಿಳಿಯುತ್ತಿತ್ತು.

ಬಾಣಲೆಯ ಬೆಂಕಿ ಮೊಳದುದ್ದ ಎದ್ದಿತು. ಎಲೆಕೋಸು, ಈರುಳ್ಳಿ, ಎಳೆ, ಮೇಲೆ ಕೆಂಪು ಅರಪ್ಪು. ಶೆಜ್ವಾನ್ ಎಂಬುದು ಚೀನದ ಸಿಚುವಾನ್ ಪ್ರಾಂತದ ಹೆಸರು. ಮುಂಬಯಿಯ ಈ ಅರಪ್ಪು ಆ ಪ್ರಾಂತವನ್ನು ಕಂಡದ್ದಿಲ್ಲ. ಇದರ ಒಡಹುಟ್ಟಾದ ಮಂಚೂರಿಯನ್ನನ್ನು ೧೯೭೫ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ, ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಮೊದಲು ಮಾಡಿದರೆಂದು ಹೇಳುತ್ತಾರೆ. ಅವರೂ ಊರು ಬಿಟ್ಟು ಬಂದವರೇ. ನಮ್ಮ ಗಾಡಿಯವನ ಅರಪ್ಪಿನಲ್ಲಿ ಮಾತ್ರ ಪರಿಚಿತವಾದ ಒಂದು ಬಣ್ಣವಿತ್ತು, ಉರಿಯಿಲ್ಲದ ಗಾಢ ಕೆಂಪು. ಯಾವ ಮೆಣಸಿನಕಾಯಿ ಎಂದೆವು. “ಬ್ಯಾಡಗಿ. ಇಲ್ಲೇ ತುರ್ಭೆಯ ಮಸಾಲೆ ಮಾರ್ಕೆಟ್ಟಿನಿಂದ. ನಿಮ್ಮ ಶೆಟ್ಟರು ಅದನ್ನೇ ಹಾಕುತ್ತಿದ್ದರು” ಎಂದ.

ರುಚಿಯ ವಿಷಯ ನಿಜ ಹೇಳಬೇಕು. ಪೆನಾಂಗಿನ ಬಟ್ಟಲಿಗೆ ಇದು ಸಮವಲ್ಲ. ಎಣ್ಣೆ ಹೆಚ್ಚು, ಸೋಯಾ ರಸ ಹೆಚ್ಚು, ಎಲೆಕೋಸು ಅರ್ಧ ಬೆಂದದ್ದು. ಆದರೂ ಪ್ಲೇಟು ಖಾಲಿಯಾಯಿತು. ನಮ್ಮ ಮನೆಯವರು ಮಾತ್ರ ತಿನ್ನಲಿಲ್ಲ; ಅಂದು ಸೋಮವಾರವಲ್ಲದಿದ್ದರೂ ಮೊಟ್ಟೆಯ ಬಾಣಲೆಯೇ ಎಲ್ಲಕ್ಕೂ ಎಂದು ಏನೋ ಹೇಳಿದರು. ಬದಲಿಗೆ ಮನೆಗೆ ಬಂದು, ಅತ್ತೆಯವರು ಹೋದ ಮೇಲೆ ಮಾಳಿಗೆಯ ಕಪಾಟಿನಲ್ಲಿ ಮಲಗಿದ್ದ ಸೇಮಿಗೆ ಮಣೆಯನ್ನು ಕೆಳಗಿಳಿಸಿದರು. ತೊಳೆದು, ಎಣ್ಣೆ ಹಚ್ಚಿ, ಉಂಡೆ ಹಾಕಿ ಒತ್ತಿದರೆ ತಿರುಪು ಕದಲದು. ನಾವು ಒತ್ತಿದೆವು, ಮಗ ಒತ್ತಿದ. ಉಂಡೆ ಆರಿ ಕಲ್ಲಾಯಿತು. ಅಂದು ರಾತ್ರಿ ಮೂವರೂ ಹಬೆಯಲ್ಲಿ ಬೆಂದ ಉಂಡೆಗಳನ್ನೇ ಗಸಿಯಲ್ಲಿ ಅದ್ದಿ ತಿಂದೆವು. ಮಣೆಯನ್ನು ತುರ್ಭೆಯ ಲೇತ್ ಅಂಗಡಿಯವ ಸರಿಮಾಡಿ ಕೊಟ್ಟಿದ್ದಾನೆ; ಈಗ ಒತ್ತುವ ಕೆಲಸ ಮಗನದು.

ಗಾಡಿಯವನನ್ನು ಹೋದ ವಾರ ಮತ್ತೆ ಕಂಡು ಮಾತನಾಡಿದೆವು. ೨೦೧೪ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕಾಗಿ ದೆಹಲಿಯಲ್ಲಿ ಕಾನೂನಾಗಿದ್ದರೂ, ಅವನ ಕೈಯಲ್ಲಿ ಇನ್ನೂ ಕಾಗದವಿಲ್ಲ. ಎರಡು ಸಲ ಗಾಡಿಯನ್ನು ಎತ್ತಿಕೊಂಡು ಹೋಗಿದ್ದಾರೆ. ದಂಡ ಕಟ್ಟಿ ಬಿಡಿಸಿಕೊಂಡಿದ್ದಾನೆ. ಈ ಸಲದ ರಾಜ್ಯೋತ್ಸವಕ್ಕೆ ಅಂಗಳದಲ್ಲಿ ಜಾಗ ಕೊಟ್ಟರೆ ಬರುತ್ತೀಯಾ ಎಂದು ಕೇಳಿದೆವು. ನಾವು ಸಮಿತಿಯ ಅಪ್ಪಣೆಯಿಲ್ಲದೆ ಕೇಳಿದ್ದು ತಪ್ಪು, ಒಪ್ಪಿಕೊಳ್ಳುತ್ತೇವೆ. ಹೋದ ವರ್ಷ ನಕ್ಕವರಲ್ಲಿ ನಾವೂ ಇದ್ದೆವೆಂದೂ ಹೇಳಿದೆವು. ಅವನು ಅದಕ್ಕೆ ಏನೂ ಅನ್ನಲಿಲ್ಲ. ಬಾಣಲೆ ಉಜ್ಜುತ್ತ ಸ್ವಲ್ಪ ಹೊತ್ತು ಇದ್ದು, ಮೊಟ್ಟೆಗೆ ಬೇರೆ ಬಾಣಲೆ ತರುತ್ತೇನೆಂದ. ಆಮೇಲೆ, “ಅಲ್ಲಿ ನೀರು ಬರುತ್ತದಾ? ಎರಡು ಡ್ರಮ್ ಬೇಕು” ಎಂದು ಕೇಳಿದ.

ಸಭಾಗೃಹದ ನೀರಿನ ಕೀಲಿಕೈ ನಮ್ಮ ಕಾರ್ಯದರ್ಶಿಗಳ ಹತ್ತಿರ ಇದೆ. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸಮಿತಿಯ ಸಭೆ ಬರುವ ಭಾನುವಾರ.